ಲಾಕ್‌ಡೌನ್ ಕಲಿಸಿದ ಕೂರುವ ರೂಢಿಯನ್ನು ಬಿಡಿಸುವ ಬಗೆ

2020ರ ಮಾರ್ಚ್ 25ರಿಂದ ದೇಶಕ್ಕೆಲ್ಲ ಬೀಗ ಬಿದ್ದಾಗ ಜಿಮ್ ಮುಚ್ಚಿದ್ದು, ಲಾಲ್‌ಬಾಗ್, ಕಬ್ಬನ್ ಪಾರ್ಕ್‌ಗಳ ಗೇಟು ಹಾಕಿದ್ದು ಎಲ್ಲರ ಗಮನಕ್ಕೂ ಬಂತು. ಮನೆಯಿಂದ ಬಸ್ ಸ್ಟಾಪಿಗೆ, ಅಲ್ಲಿಂದ ಆಫೀಸಿಗೆ, ಡೆಸ್ಕಿನಿಂದ ಕ್ಯಾಂಟೀನಿಗೆ, ಸಂಜೆ ನಾಲ್ಕಕ್ಕೆ ಗೇಟಿನಾಚೆಯ ಟೀ ಅಂಗಡಿಗೆ ಇದ್ದ ನಡಿಗೆ ನಿಂತದ್ದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅದನ್ನು ವ್ಯಾಯಾಮ ಎಂದು ಮೊದಲೂ ಯಾರೂ ಕರೆಯುತ್ತಿರಲಿಲ್ಲ. ಅದೇ ವರ್ಷದ ಆಗಸ್ಟ್ 5ರಿಂದ ಜಿಮ್ ತೆರೆಯಲು ಅನುಮತಿ ಸಿಕ್ಕಿತು, ಸೆಪ್ಟೆಂಬರ್ 7ಕ್ಕೆ ನಮ್ಮ ಮೆಟ್ರೊ ಮತ್ತೆ ಓಡಿತು, ಪಾರ್ಕುಗಳಿಗೆ ಬೆಳಗಿನ ಜನ ಮರಳಿದರು. ಆದರೆ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಐಟಿ, ಬಿಪಿಒ ಕಂಪನಿಗಳ ನಿಯಮ ಸಡಿಲಿಸಿ ಮನೆಯಿಂದಲೇ ಕೆಲಸ ಮಾಡಿಸಲು ದಾರಿ ಸಲೀಸು ಮಾಡಿತು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಊಟದ ಮೇಜೇ ಆಫೀಸಾಗಿ ಉಳಿಯಿತು. ಬೆಳಿಗ್ಗೆ ಅರ್ಧ ಗಂಟೆ ವಾಕಿಂಗ್ ಮಾಡಿ, ಆಮೇಲೆ ಹತ್ತು ತಾಸು ಕುರ್ಚಿ ಬಿಟ್ಟೇಳದ ದಿನಚರಿ ಹುಟ್ಟಿಕೊಂಡದ್ದು ಹೀಗೆ.

ಕುರ್ಚಿಗೆ ಅಂಟಿದ ಈ ಕೆಲಸದವರಿಗಾಗಿಯೇ ಈ ಬರಹ. ಕೆಲಸದವಳು ಬರದೆ ಪಾತ್ರೆ, ಬಟ್ಟೆ, ನೆಲ ಎಲ್ಲ ಮೈಮೇಲೆ ಬಿದ್ದ ಗೃಹಿಣಿಯರ ಲಾಕ್‌ಡೌನ್ ಬೇರೆಯೇ ಆಗಿತ್ತು, ಅವರಿಗೆ ಬೇಕಿದ್ದದ್ದು ವಿಶ್ರಾಂತಿ. ಕುರ್ಚಿಯವರು ಮೊದಲು ವಾಪಸು ತರಬೇಕಾದದ್ದು ಜಿಮ್ ಅಲ್ಲ, ದಿನವಿಡೀ ಹರಡಿಕೊಂಡಿದ್ದ ಆ ಚಿಲ್ಲರೆ ನಡಿಗೆ. ವ್ಯಾಯಾಮ ಅದರ ಮೇಲಿನದು.

ಕಳೆದದ್ದು ಎಷ್ಟು

187 ದೇಶಗಳ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮಂದಿಯ ಮೊಬೈಲ್‌ಗಳಲ್ಲಿ ದಾಖಲಾಗಿದ್ದ ಹೆಜ್ಜೆಗಳ ಅಧ್ಯಯನವೊಂದು 2020ರಲ್ಲೇ ಬಂತು. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕ ಎಂದು ಸಾರಿದ ಹತ್ತು ದಿನಕ್ಕೆ ಹೆಜ್ಜೆಗಳು ಶೇ 5.5ರಷ್ಟು, ಮೂವತ್ತು ದಿನಕ್ಕೆ ಶೇ 27ರಷ್ಟು ಇಳಿದಿದ್ದವು. ಅಂದರೆ ದಿನಕ್ಕೆ ಸುಮಾರು 1,400 ಹೆಜ್ಜೆ, ಹತ್ತಿರ ಹತ್ತಿರ ಒಂದು ಕಿಲೋಮೀಟರ್. ಬಿಗಿ ಲಾಕ್‌ಡೌನ್ ಇದ್ದ ಇಟಲಿಯಲ್ಲಿ ಇಳಿಕೆ ಅರ್ಧದಷ್ಟು ಮುಟ್ಟಿತ್ತು, ಸಡಿಲ ಬಿಟ್ಟ ಸ್ವೀಡನ್‌ನಲ್ಲಿ ಶೇ 7 ಮಾತ್ರ. ಅದೇ ವರ್ಷದ ಇನ್ನೊಂದು ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ ಜನ ದಿನಕ್ಕೆ ಕೂರುವ ಹೊತ್ತು 5 ಗಂಟೆಯಿಂದ 8 ಗಂಟೆಗೆ ಏರಿತ್ತು. ಭಾರತದಲ್ಲಿ 2022ರ ಹೊತ್ತಿಗೆ ವಯಸ್ಕರಲ್ಲಿ ಅರ್ಧದಷ್ಟು ಮಂದಿಗೆ, ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಇದಕ್ಕೆಲ್ಲ ಲಾಕ್‌ಡೌನನ್ನೇ ದೂರಿ ಫಲವಿಲ್ಲ. 2000ದಲ್ಲಿ ಶೇ 22ರಷ್ಟಿದ್ದ ಈ ಪ್ರಮಾಣ ಮೊದಲಿಂದಲೂ ಏರುತ್ತಲೇ ಇತ್ತು.

ಒಂದು ಕಿಲೋಮೀಟರ್ ಕಡಿಮೆಯಾದರೆ ಏನು ಮಹಾ ಎನ್ನಿಸಬಹುದು. ಕೂತಾಗ ತೊಡೆ, ಪೃಷ್ಠ, ಮೀನಖಂಡ ಈ ಮೂರು ದೊಡ್ಡ ಸ್ನಾಯು ಗುಂಪುಗಳು ಸುಮ್ಮನಾಗುತ್ತವೆ. ಊಟದ ಸಕ್ಕರೆಯನ್ನು ರಕ್ತದಿಂದ ಹೆಚ್ಚು ಎಳೆದುಕೊಳ್ಳುವುದು ಇವೇ. ಮೀನಖಂಡ ಹಿಂಡದಿದ್ದರೆ ಕಾಲಿನ ರಕ್ತ ಮೇಲೇರುವುದು ನಿಧಾನವಾಗುತ್ತದೆ, ಸಂಜೆಗೆ ಪಾದ ಊದುತ್ತದೆ. ಆರೋಗ್ಯವಂತ ಹಿರಿಯರನ್ನು ಬರೀ ಎರಡು ವಾರ ದಿನಕ್ಕೆ 1,400 ಹೆಜ್ಜೆಗೆ ಕಟ್ಟಿಹಾಕಿದ ಪ್ರಯೋಗದಲ್ಲಿ ಕಾಲಿನ ಕೊಬ್ಬುರಹಿತ ತೂಕ ಸುಮಾರು ಶೇ 4ರಷ್ಟು ಕರಗಿತ್ತು. ಉಂಡ ಪ್ರೋಟೀನಿನಿಂದ ಸ್ನಾಯು ಕಟ್ಟುವ ಶಕ್ತಿಯೂ ಕಾಲು ಭಾಗ ಕುಗ್ಗಿತ್ತು. ಇಷ್ಟೆಲ್ಲ ಆದದ್ದು ಬರೀ ಎರಡು ವಾರದಲ್ಲಿ.

ಬೆಳಗಿನ ವಾಕಿಂಗ್ ಇದೆಯಲ್ಲ ಎನ್ನುವವರಿಗೆ ಇನ್ನೊಂದು ಲೆಕ್ಕ. ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಸೇರಿಸಿ 2016ರಲ್ಲಿ ನಡೆದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ ಎಂಟು ಗಂಟೆಗೂ ಹೆಚ್ಚು ಕೂರುವವರು ಅದರಿಂದ ಬರುವ ಅಪಾಯವನ್ನು ಪೂರ್ತಿ ತೊಡೆದುಹಾಕಲು ದಿನಕ್ಕೆ 60ರಿಂದ 75 ನಿಮಿಷ ಚುರುಕಾಗಿ ನಡೆಯುವಷ್ಟು ಶ್ರಮ ಪಡಬೇಕು. ಕೆಲಸ, ಮನೆ, ಮಕ್ಕಳ ನಡುವೆ ದಿನವೂ ಅಷ್ಟು ಹೊತ್ತು ಒಟ್ಟಿಗೆ ಸಿಗುವುದು ಅಪರೂಪ. ಕೂರುವುದನ್ನೇ ತುಂಡು ಮಾಡುವುದು ಹೆಚ್ಚು ಕೈಗೆಟಕುವ ದಾರಿ.

ಮೊದಲು ಅಳೆಯಿರಿ

ಮೂರು ದಿನ ಏನನ್ನೂ ಬದಲಿಸದೆ ಅಳೆಯಿರಿ: ಮನೆಯಿಂದ ಕೆಲಸ ಮಾಡುವ ಎರಡು ದಿನ, ರಜೆಯ ಒಂದು ದಿನ. ಕೂತ ಹೊತ್ತನ್ನು ನೆನಪಿನಿಂದ ಬರೆದರೆ ಯಾವಾಗಲೂ ಕಡಿಮೆಯೇ ಬರುತ್ತದೆ. ಒಂದು ಹಾಳೆಯಲ್ಲಿ ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಅರ್ಧರ್ಧ ಗಂಟೆಯ ಚೌಕ ಹಾಕಿ, ಹೆಚ್ಚು ಹೊತ್ತು ಕೂತಿದ್ದ ಚೌಕಕ್ಕೆ ಗೀಟು ಎಳೆಯಿರಿ. ಟಿವಿ ಮುಂದೆ ಕೂತದ್ದು, ಕಾರಿನಲ್ಲಿ ಕೂತದ್ದು, ಮಲಗುವ ಮುನ್ನ ಮೊಬೈಲ್ ನೋಡುತ್ತ ಒರಗಿದ್ದು ಎಲ್ಲವೂ ಸೇರಲಿ. ಗೀಟುಗಳು 16 ದಾಟಿದರೆ ಎಂಟು ಗಂಟೆ ದಾಟಿತು.

ಹೆಜ್ಜೆ ಎಣಿಸಲು ಮೊಬೈಲ್ ಸಾಕು. ಆದರೆ ಮನೆಯೊಳಗೆ ಅದು ಮೇಜಿನ ಮೇಲೆಯೇ ಇರುವುದರಿಂದ ಎಣಿಕೆ ಕಡಿಮೆ ತೋರಿಸುತ್ತದೆ. ಈ ಮೂರು ದಿನ ಜೇಬಿನಲ್ಲಿಡಿ. ಜೇಬಿಲ್ಲದ ಉಡುಪಾದರೆ ಸಣ್ಣ ಸೊಂಟದ ಚೀಲ ಕಟ್ಟಿಕೊಳ್ಳಿ. ದಿನಕ್ಕೆ 5,000ಕ್ಕಿಂತ ಕಡಿಮೆ ಬಂದರೆ ಅದು ಕೂತೇ ಕಳೆದ ದಿನ. ಗುರಿಯಾಗಿ 10,000 ಇಟ್ಟುಕೊಂಡು ಎದೆಗುಂದಬೇಕಿಲ್ಲ. ಹೆಜ್ಜೆ ಹೆಚ್ಚಿದಂತೆ ಸಿಗುವ ಲಾಭ 60 ದಾಟಿದವರಲ್ಲಿ 6,000ದಿಂದ 8,000ದ ನಡುವೆ, ಅದಕ್ಕಿಂತ ಕಿರಿಯರಲ್ಲಿ 8,000ದಿಂದ 10,000ದ ನಡುವೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ.

ಕಾಲಿನ ಬಲಕ್ಕೆ ಬೇರೆ ಪರೀಕ್ಷೆ ಇದೆ. ಕೈಯಿಲ್ಲದ, 17 ಇಂಚು ಎತ್ತರದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿ. ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿ 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಣಿಸಿ. 60ರಿಂದ 64ರ ಗಂಡಸರು 14, ಹೆಂಗಸರು 12 ಮುಟ್ಟದಿದ್ದರೆ ಬಲ ಸರಾಸರಿಗಿಂತ ಕಡಿಮೆ. 65ರಿಂದ 69ರವರಿಗೆ ಇದು 12 ಮತ್ತು 11. ನಲವತ್ತರ ಒಳಗಿನವರಿಗೂ ಅಷ್ಟು ಬಾರದಿದ್ದರೆ ಮುಂದೆ ಹೇಳುವ ಬಲದ ವ್ಯಾಯಾಮವನ್ನು ತಪ್ಪಿಸಬೇಡಿ.

ಕೂರುವ ಜಾಗ

ಕೂರುವುದನ್ನು ಕಡಿಮೆ ಮಾಡುವ ಮಾತಿನಲ್ಲಿ ಕುರ್ಚಿಯ ವಿಷಯ ಯಾಕೆ ಎಂದರೆ, ಬೆನ್ನು ನೋಯುವವರು ಏಳುವುದಕ್ಕೂ ಹಿಂಜರಿಯುತ್ತಾರೆ. 2020ರಲ್ಲಿ ತಾತ್ಕಾಲಿಕವೆಂದು ಹೂಡಿದ ಏರ್ಪಾಡು ಎಷ್ಟೋ ಮನೆಗಳಲ್ಲಿ ಈಗಲೂ ಹಾಗೇ ಇದೆ. ಊಟದ ಮೇಜು ಸಾಮಾನ್ಯವಾಗಿ 29ರಿಂದ 30 ಇಂಚು ಎತ್ತರ. ಐದು ಅಡಿಯ ಆಸುಪಾಸಿನವರಿಗೆ ಇದು ಮೂರ್ನಾಲ್ಕು ಇಂಚು ಹೆಚ್ಚು, ಟೈಪ್ ಮಾಡುವಾಗ ಭುಜ ಕಿವಿಯತ್ತ ಏರಿ ಸಂಜೆಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಮೇಜಿನ ಕಾಲು ಕೊಯ್ಯಿಸುವ ಬದಲು ಕುರ್ಚಿಯ ಮೇಲೆ 2-3 ಇಂಚಿನ ಗಟ್ಟಿ ದಿಂಬು ಹಾಕಿ. ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕು. ಆಗ ಪಾದ ನೆಲದಿಂದ ಮೇಲಾಗುತ್ತದೆ, ಕೆಳಗೆ ಅಷ್ಟೇ ಎತ್ತರದ ಮಣೆ ಇಡಿ. ಸ್ಪಂಜಿನ ಮೆತ್ತನೆ ದಿಂಬು ಒಂದು ತಾಸಿಗೇ ಕುಸಿದು ಸೊಂಟ ಹಿಂದಕ್ಕೆ ಬಾಗುತ್ತದೆ, ಅದು ಬೇಡ.

ಲ್ಯಾಪ್‌ಟಾಪನ್ನು 6ರಿಂದ 8 ಇಂಚು ಎತ್ತರಿಸಿ, ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ, ತೋಳಿನಳತೆ ದೂರದಲ್ಲಿ ಇರಲಿ. ಹೀಗೆ ಎತ್ತರಿಸಿದರೆ ಬೇರೆ ಕೀಬೋರ್ಡ್, ಮೌಸ್ ಬೇಕೇ ಬೇಕು. ಅದಿಲ್ಲದೆ ಎತ್ತರಿಸಿದರೆ ಕುತ್ತಿಗೆಯ ನೋವು ಮಣಿಕಟ್ಟಿಗೆ ಇಳಿಯುತ್ತದೆ ಅಷ್ಟೆ. ದಿವಾನದ ಮೇಲೆ, ಹಾಸಿಗೆಯ ಮೇಲೆ ಕೂತು ಕೆಲಸ ಮಾಡುವುದನ್ನು ಪೂರ್ತಿ ಬಿಡಿ. ಅಲ್ಲಿಂದ ಏಳಲು ಮನಸ್ಸೇ ಬರುವುದಿಲ್ಲ.

ಚಿಲ್ಲರೆ ನಡಿಗೆಯನ್ನು ವಾಪಸು ತರುವುದು

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 2023ರಲ್ಲಿ ಹನ್ನೊಂದು ಮಂದಿಯ ಮೇಲೆ ನಡೆದ ಸಣ್ಣ ಪ್ರಯೋಗವೊಂದರಲ್ಲಿ, ಪ್ರತಿ ಅರ್ಧ ಗಂಟೆಗೆ 5 ನಿಮಿಷ ನಿಧಾನ ನಡಿಗೆ ಹಾಕಿದಾಗ ದೊಡ್ಡ ಊಟದ ನಂತರದ ಸಕ್ಕರೆ ಏರಿಕೆ, ಇಡೀ ದಿನ ಕೂತವರಿಗೆ ಹೋಲಿಸಿದರೆ, ಅರ್ಧಕ್ಕಿಂತ ಹೆಚ್ಚು ತಗ್ಗಿತು. ಬಿಪಿಯೂ 4-5 ಅಂಕ ಇಳಿಯಿತು. ಆದರೆ ಎಂಟು ತಾಸಿನ ಕೆಲಸದಲ್ಲಿ ಇದು 80 ನಿಮಿಷ ತಿನ್ನುತ್ತದೆ, ಮ್ಯಾನೇಜರ್ ಒಪ್ಪುವ ಮಾತಲ್ಲ. ಗಂಟೆಗೊಮ್ಮೆ 5 ನಿಮಿಷ ಎಂದು ಶುರುಮಾಡಿ. ಒಂಬತ್ತು ತಾಸಿಗೆ 45 ನಿಮಿಷ, ಸುಮಾರು 4,000 ಹೆಜ್ಜೆ.

ಅಲಾರಂ ನಂಬಿಕೊಂಡರೆ ಒಂದು ವಾರದಲ್ಲಿ ಬೆರಳು ತಾನಾಗಿ ಅದನ್ನು ಆರಿಸಲು ಕಲಿತುಬಿಡುತ್ತದೆ. ಏಳಲೇಬೇಕಾದ ಕಾರಣಗಳನ್ನು ಮನೆಯಲ್ಲೇ ಹೂಡಿ. ಮೇಜಿನ ಮೇಲಿನ ಎರಡು ಲೀಟರ್ ನೀರಿನ ಬಾಟಲಿ ತೆಗೆದು 200 ಮಿಲಿಲೀಟರಿನ ಲೋಟ ಇಡಿ, ಖಾಲಿಯಾದಾಗಲೆಲ್ಲ ಅಡುಗೆಮನೆಗೆ ಹೋಗಿ. ಮೊಬೈಲ್ ಚಾರ್ಜರ್ ಬೇರೆ ಕೋಣೆಯಲ್ಲಿರಲಿ. ಎರಡು ಮಹಡಿಯ ಮನೆಯಾದರೆ ಮೇಲಿನ ಶೌಚಾಲಯ ಬಳಸಿ. ಅಮ್ಮನೋ ಹೆಂಡತಿಯೋ ಕಾಫಿಯನ್ನು ಮೇಜಿಗೇ ತಂದುಕೊಡುವ ರೂಢಿ ಲಾಕ್‌ಡೌನಿನಲ್ಲಿ ಬಹಳ ಮನೆಗಳಿಗೆ ಹೊಕ್ಕಿತು. ಅದು ನಿಲ್ಲಲಿ. ಎದ್ದು ಹೋಗಿ ನೀವೇ ಕಾಫಿ ಬೆರೆಸಿಕೊಳ್ಳಿ, ಅವರಿಗೂ ಒಂದು ಲೋಟ ಕೊಡಿ.

ಪರದೆ ನೋಡಬೇಕಿಲ್ಲದ ಕರೆಗಳನ್ನೆಲ್ಲ ನಡೆಯುತ್ತ ಮಾಡಿ. ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲಿಗೆ ಇಪ್ಪತ್ತು ನಿಮಿಷ ಓಡಾಡಿದರೆ 1,500 ಹೆಜ್ಜೆ ದಾಟುತ್ತದೆ. ಗೂಗಲ್ ಕ್ಯಾಲೆಂಡರ್‌ನ ಸೆಟ್ಟಿಂಗ್ಸ್‌ನಲ್ಲಿ ಮೀಟಿಂಗುಗಳನ್ನು ಬೇಗ ಮುಗಿಸುವ ಆಯ್ಕೆಯಿದೆ. ಅದನ್ನು ಒತ್ತಿದರೆ ನೀವು ಕರೆಯುವ ಅರ್ಧ ಗಂಟೆಯ ಮೀಟಿಂಗ್ 25 ನಿಮಿಷಕ್ಕೆ, ಒಂದು ಗಂಟೆಯದು 50 ನಿಮಿಷಕ್ಕೆ ಇಳಿಯುತ್ತದೆ. ತಂಡದಲ್ಲಿ ಮೀಟಿಂಗ್ ಕರೆಯುವವರು ನೀವಾಗಿದ್ದರೆ ಹತ್ತು ಜನರ ಕಾಲಿಗೆ ಉಪಕಾರ ಮಾಡಿದಂತೆ.

ಬಸ್ ಸ್ಟಾಪಿನ ನಡಿಗೆಯ ಬದಲಿಗೆ ಲಾಗಿನ್ ಆಗುವ ಮೊದಲು 15 ನಿಮಿಷ, ಲಾಗೌಟ್ ಆದ ಮೇಲೆ 15 ನಿಮಿಷ ರಸ್ತೆಗಿಳಿಯಿರಿ. ಎರಡನೆಯದು ತಪ್ಪುವುದೇ ಹೆಚ್ಚು, ಯಾಕೆಂದರೆ ಮನೆಯಲ್ಲಿ ಕೆಲಸ ಮುಗಿಯುವ ಹೊತ್ತು ಎಂಬುದೇ ಇರುವುದಿಲ್ಲ. ಹಾಲು, ಸೊಪ್ಪು, ಹೂವು ತರುವ ಕೆಲಸವನ್ನು ಆ ಹೊತ್ತಿಗೆ ಕಟ್ಟಿಹಾಕಿ. ಲಾಕ್‌ಡೌನಿನಲ್ಲಿ ಶುರುವಾದ ಆನ್‌ಲೈನ್ ದಿನಸಿಯಲ್ಲಿ ತರಕಾರಿಯೊಂದನ್ನಾದರೂ ನಿಲ್ಲಿಸಿದರೆ ವಾರಕ್ಕೆ ಮೂರು ಸಲ ಅಂಗಡಿಗೆ ಹೋಗಲೇಬೇಕಾಗುತ್ತದೆ.

ನಿಂತು ಕೆಲಸ ಮಾಡುವ ಮೇಜಿಗೆ ದುಡ್ಡು ಹಾಕುವ ಮೊದಲು ಯೋಚಿಸಿ. ಕೂರುವುದಕ್ಕಿಂತ ನಿಲ್ಲುವುದಕ್ಕೆ ನಿಮಿಷಕ್ಕೆ ಸುಮಾರು 0.15 ಕ್ಯಾಲರಿ ಮಾತ್ರ ಹೆಚ್ಚು ಖರ್ಚು. ಆರು ತಾಸು ನಿಂತರೆ 54 ಕ್ಯಾಲರಿ. ಭಂಗಿ ಬದಲಿಸಲು 20-30 ನಿಮಿಷ ನಿಲ್ಲುವುದು ಒಳ್ಳೆಯದೇ, ತಾಸುಗಟ್ಟಲೆ ನಿಂತರೆ ಹಿಮ್ಮಡಿ ನೋವು, ಕಾಲಿನ ನರ ಉಬ್ಬುವುದು ಇದ್ದದ್ದೇ. ನಡಿಗೆಗೆ ನಿಲ್ಲುವುದು ಬದಲಿಯಲ್ಲ.

ಊಟದ ನಂತರ, ತಾರಸಿಯ ಮೇಲೆ

ಅನ್ನ, ಮುದ್ದೆ ಹೆಚ್ಚಿರುವ ನಮ್ಮ ಊಟದ ನಂತರ ಹತ್ತರಿಂದ ಹದಿನೈದು ನಿಮಿಷದ ನಡಿಗೆ, ಅದೇ ಹೊತ್ತನ್ನು ಬೆಳಿಗ್ಗೆ ಒಟ್ಟಿಗೆ ನಡೆಯುವುದಕ್ಕಿಂತ ಸಕ್ಕರೆ ಹತೋಟಿಗೆ ಹೆಚ್ಚು ಅನುಕೂಲ. ಅದರಲ್ಲೂ ರಾತ್ರಿಯ ಊಟದ ನಂತರ, ಏಕೆಂದರೆ ಅಂದಿನ ದೊಡ್ಡ ಊಟವೂ ಅದೇ, ಆಮೇಲಿನ ಕೂರುವಿಕೆಯೂ ದೀರ್ಘ. ಉಂಡು ಅರ್ಧ ಗಂಟೆಯೊಳಗೆ ಶುರುಮಾಡಿ, ಮಾತಾಡುತ್ತ ನಡೆಯುವಷ್ಟೇ ವೇಗ ಸಾಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರ ಇಳಿಯಬಹುದು. ಮೊದಲ ವಾರ ನಡಿಗೆಯ ಮುಂಚೆ, ನಂತರ ಗ್ಲುಕೋಮೀಟರ್‌ನಲ್ಲಿ ನೋಡಿಕೊಳ್ಳಿ, ಜೇಬಿನಲ್ಲಿ ಸಕ್ಕರೆ ಇರಲಿ, ಡಾಕ್ಟರಿಗೆ ಮೊದಲೇ ತಿಳಿಸಿ.

ತಾರಸಿಯ ಮೇಲೆ ನಡೆಯುವುದನ್ನು ಲಾಕ್‌ಡೌನೇ ಕಲಿಸಿತು, ಅದೊಂದನ್ನು ಉಳಿಸಿಕೊಳ್ಳಬಹುದು. 30-40 ಸೈಟಿನ ಮನೆಯ ತಾರಸಿಯಲ್ಲಿ ನೀರಿನ ಟ್ಯಾಂಕು, ಮೆಟ್ಟಿಲ ಕೋಣೆ ಬಿಟ್ಟು 24 ಅಡಿಗೆ 32 ಅಡಿಯ ಸುತ್ತು ಸಿಕ್ಕಿದರೆ ಒಂದು ಸುತ್ತು 112 ಅಡಿ, ಸುಮಾರು 34 ಮೀಟರ್. 29-30 ಸುತ್ತಿಗೆ ಒಂದು ಕಿಲೋಮೀಟರ್. ಒಂದೇ ದಿಕ್ಕಿಗೆ ಸುತ್ತಿದರೆ ನೂರಾರು ತಿರುವುಗಳ ಭಾರ ಒಂದೇ ಮಂಡಿಯ, ಒಂದೇ ಕಣಕಾಲಿನ ಮೇಲೆ ಬೀಳುತ್ತದೆ. ಐದೈದು ಸುತ್ತಿಗೊಮ್ಮೆ ದಿಕ್ಕು ಬದಲಿಸಿ, ಮೂಲೆಯಲ್ಲಿ ಗಕ್ಕನೆ ತಿರುಗದೆ ಕಮಾನಿನಂತೆ ಬಳಸಿ. ಬಟ್ಟೆ ಒಣಹಾಕುವ ತಂತಿ ಕತ್ತಿನ ಎತ್ತರದಲ್ಲಿದ್ದರೆ ಮುಸ್ಸಂಜೆಯಲ್ಲಿ ಕಾಣುವುದಿಲ್ಲ, ಬಿಚ್ಚಿಡಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ತಾರಸಿ ಬೇಡ.

ವಾರಕ್ಕೆರಡು ದಿನ ಬಲ

ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರ್‌ನಲ್ಲಿ ಹೊರತಂದ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ ಎನ್ನುತ್ತದೆ. ಮೊದಲರ್ಧವನ್ನು ಎಲ್ಲರೂ ಓದುತ್ತಾರೆ, ಎರಡನೆಯದನ್ನು ಬಿಡುತ್ತಾರೆ. ಕೂತು ಸೊರಗಿದ ತೊಡೆ, ಪೃಷ್ಠಗಳು ಬರೀ ನಡಿಗೆಯಿಂದ ಪೂರ್ತಿ ಬಲಗೊಳ್ಳುವುದಿಲ್ಲ. ಮನೆಯಲ್ಲಿ 25 ನಿಮಿಷ ಸಾಕು, ಮಂಗಳವಾರ ಮತ್ತು ಶುಕ್ರವಾರ ಎಂದಿಟ್ಟುಕೊಳ್ಳಿ:

ಕುರ್ಚಿಯಿಂದ ಎದ್ದು ಕೂರುವುದು, 8 ಸಲದಂತೆ ಎರಡು ಸುತ್ತು. ಇಳಿಯುವಾಗ ಮೂರು ಎಣಿಸುತ್ತ ನಿಧಾನ.
ಗೋಡೆಗೆ ಕೈಯೂರಿ ದಂಡ, 8 ಸಲ, ಎರಡು ಸುತ್ತು. ಪಾದ ಗೋಡೆಯಿಂದ ಎರಡೂವರೆ ಅಡಿ ದೂರ.
ಸೇತುಬಂಧಾಸನ (ಅಂಗಾತ ಮಲಗಿ, ಮಂಡಿ ಮಡಿಸಿ ಸೊಂಟ ಎತ್ತುವುದು), ಮೇಲೆ 5 ಸೆಕೆಂಡ್ ನಿಲ್ಲಿಸಿ 10 ಸಲ.
ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, 10 ಸಲ, ಎರಡು ಸುತ್ತು.
ಎರಡೂ ಕೈಯಲ್ಲಿ 5 ಕಿಲೋ ಅಕ್ಕಿ ಚೀಲ ಹಿಡಿದು 30 ಸೆಕೆಂಡ್ ನೆಟ್ಟಗೆ ನಡೆಯುವುದು, ಎರಡು ಸಲ.

ಸುತ್ತುಗಳ ನಡುವೆ ಒಂದೂವರೆ ನಿಮಿಷ ಬಿಡುವು. ಕೊನೆಯ ಎರಡು ಸಲ ಕಷ್ಟವೆನಿಸಬೇಕು, ಆದರೆ ಭಂಗಿ ಕೆಡಬಾರದು. ವಾರಕ್ಕೆ ಎರಡೆರಡು ಹೆಚ್ಚಿಸಿ, 15 ಸಲೀಸಾದಾಗ ಕಷ್ಟದ ಹಂತಕ್ಕೆ ಹೋಗಿ: ಕುರ್ಚಿ ಬಿಟ್ಟು ಬಸ್ಕಿ, ಗೋಡೆ ಬಿಟ್ಟು ಕಟ್ಟೆ, ಆಮೇಲೆ ನೆಲದ ದಂಡ. ಗರಡಿ ಮನೆಯ ಆಳ ಬಸ್ಕಿಗೆ ಮೊದಲ ತಿಂಗಳಲ್ಲೇ ಕೈ ಹಾಕಬೇಡಿ. ಹಿಮ್ಮಡಿ ಎತ್ತಿ ಪೂರ್ತಿ ಇಳಿದರೆ ಬಲವಿಲ್ಲದ ತೊಡೆಯವರಿಗೆ ಮಂಡಿಚಿಪ್ಪಿನ ಹಿಂದೆ ನೋವು ಹತ್ತುತ್ತದೆ. 20 ಲೀಟರಿನ ನೀರಿನ ಕ್ಯಾನನ್ನು ತೂಕದ ಬದಲಿಗೆ ಎತ್ತುವುದೂ ಬೇಡ, ಒಳಗಿನ ನೀರು ಅಲುಗಿ ಸೊಂಟ ಹಿಡಿಯುತ್ತದೆ.

ಸೂರ್ಯ ನಮಸ್ಕಾರ ಮಾಡುವವರು ಆರು ಸುತ್ತಿನಿಂದ ಶುರುಮಾಡಿ. ಕೂತೂ ಕೂತೂ ತೊಡೆಯ ಹಿಂಭಾಗ ಬಿಗಿದಿರುತ್ತದೆ, ಮುಂದೆ ಬಾಗುವಾಗ ಮಂಡಿ ಕೊಂಚ ಮಡಿಸದಿದ್ದರೆ ಎಳೆತವೆಲ್ಲ ಸೊಂಟದ ಮೇಲೆ. ಬಿಪಿ ಹತೋಟಿಯಲ್ಲಿ ಇಲ್ಲದವರು, ಗ್ಲಾಕೋಮಾ ಇರುವವರು ತಲೆ ಕೆಳಗಾಗುವ ಭಂಗಿಗಳನ್ನು ಡಾಕ್ಟರನ್ನು ಕೇಳದೆ ಮಾಡಬಾರದು.

ಮನೆಯ ಹಿರಿಯರು, ಮಕ್ಕಳು

65 ದಾಟಿದವರಿಗೆ ಮೇಲಿನದರ ಜೊತೆಗೆ ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸ ಬೇಕು. ಕಿಟಕಿಯ ಸರಳು ಹಿಡಿದು ಒಂದು ಪಾದದ ಮುಂದೆ ಇನ್ನೊಂದು ಪಾದ ಅಂಟಿಸಿ 10 ಸೆಕೆಂಡ್, ಕಾಲು ಬದಲಿಸಿ ಮತ್ತೆ 10. ಸಲೀಸಾದರೆ ಒಂದು ಬೆರಳಷ್ಟೇ ಊರಿ. ಪಾರ್ಕಿನ ಗೆಳೆಯರ ಗುಂಪು ಲಾಕ್‌ಡೌನಿನಲ್ಲಿ ಚದುರಿದ ಮೇಲೆ ಎಷ್ಟೋ ಹಿರಿಯರು ಹೊರಗೆ ಹೋಗುವುದನ್ನೇ ಬಿಟ್ಟರು. ಮೊದಲ ಎರಡು ವಾರ ಮನೆಯವರು ಯಾರಾದರೂ ಜೊತೆಗೆ ಹೋದರೆ ಆ ಬಳಗ ಮತ್ತೆ ಕೂಡಿಕೊಳ್ಳುತ್ತದೆ. ಅಜ್ಜ ಅಜ್ಜಿಯರಿಗೆ ಹೇಳಿ ಕಳಿಸುವುದಕ್ಕಿಂತ ಕರೆದೊಯ್ಯುವುದು ಮೇಲು.

ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಆಟ ಬೇಕು. ಆನ್‌ಲೈನ್ ತರಗತಿ ಮುಗಿದರೂ ಪರದೆಯ ಹೊತ್ತು ಟ್ಯೂಷನ್, ಗೇಮ್‌ಗಳಲ್ಲಿ ಉಳಿದುಕೊಂಡಿದೆ. ಆಟವನ್ನು ಓದಿನ ನಂತರಕ್ಕೆ ಇಟ್ಟರೆ ಕತ್ತಲಾಗುತ್ತದೆ. ಶಾಲೆಯಿಂದ ಬಂದು ತಿಂಡಿ ತಿಂದ ಕೂಡಲೇ ಹೊರಗೆ ಬಿಡಿ, ಓದು ಆಮೇಲೆ.

ಎಲ್ಲಿ ಕೆಡುತ್ತದೆ

ಬಹಳಷ್ಟು ಮಂದಿ ಬಿದ್ದುಹೋಗುವುದು ಎರಡನೇ, ಮೂರನೇ ವಾರದಲ್ಲಿ, ಒಮ್ಮೆಲೇ 3,000ದಿಂದ 10,000ಕ್ಕೆ ಜಿಗಿದು. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಹಿಮ್ಮಡಿಯಲ್ಲಿ ಮೊಳೆ ಚುಚ್ಚಿದಂತಾದರೆ ಅಂಗಾಲಿನ ಪಟ್ಟಿ ಉರಿಗೊಂಡಿದೆ. ಗ್ರಾನೈಟ್, ಟೈಲ್ಸ್ ನೆಲದ ಮೇಲೆ ಬರಿಗಾಲಲ್ಲಿ ಮನೆಯೊಳಗೇ ಸಾವಿರಾರು ಹೆಜ್ಜೆ ಹಾಕುವವರಲ್ಲಿ ಇದು ಸಾಮಾನ್ಯ. ಒಳಗೆ ಹಾಕಿಕೊಳ್ಳಲೆಂದೇ ಮೆತ್ತನೆ ಅಡಿಯ ಚಪ್ಪಲಿ ಇಟ್ಟುಕೊಳ್ಳಿ, ಹೆಜ್ಜೆಯನ್ನು ವಾರಕ್ಕೆ 500ರಿಂದ 1,000ಕ್ಕಿಂತ ಹೆಚ್ಚು ಏರಿಸಬೇಡಿ. ನೋವು ಬಂದರೆ ಪೂರ್ತಿ ನಿಲ್ಲಿಸದೆ ಹಿಂದಿನ ವಾರದ ಎಣಿಕೆಗೆ ಇಳಿಯಿರಿ, ಗೋಡೆಗೆ ಕೈಯೂರಿ ಮೀನಖಂಡ ಎಳೆಯುವುದನ್ನು ದಿನಕ್ಕೆ ಮೂರು ಸಲ 30 ಸೆಕೆಂಡಿನಂತೆ ಮಾಡಿ.

ನಡೆಯುವಾಗ ಎದೆ ಬಿಗಿತ, ದವಡೆಗೋ ಎಡತೋಳಿಗೋ ಹರಿಯುವ ನೋವು, ತಲೆ ಸುತ್ತು ಕಂಡರೆ ಅಲ್ಲೇ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ. ಕೋವಿಡ್ ಬಂದುಹೋದ ಮೇಲೆ ತಿಂಗಳುಗಟ್ಟಲೆ ಸುಸ್ತು ಉಳಿದು, ಸ್ವಲ್ಪ ಶ್ರಮ ಪಟ್ಟರೂ ಮರುದಿನ ಹಾಸಿಗೆ ಹಿಡಿಯುವಂತೆ ಆಗುವವರಿಗೆ ಈ ಬರಹದ ಏರುಮುಖದ ಲೆಕ್ಕ ಹೊಂದುವುದಿಲ್ಲ. ಹಟ ಹಿಡಿದು ಹೆಚ್ಚಿಸಿದಷ್ಟೂ ಅವರಿಗೆ ಕೆಡುಕು. ಅವರು ಡಾಕ್ಟರ ಮಾತಿನಂತೆ ತಮ್ಮ ಮಿತಿಯೊಳಗೇ ಇರಬೇಕು.

ಆರು ವಾರಕ್ಕೆ ಮೊದಲಿನ ಮೂರು ದಿನದ ಅಳತೆಯನ್ನೂ ಕುರ್ಚಿ ಪರೀಕ್ಷೆಯನ್ನೂ ಮತ್ತೆ ಮಾಡಿ. ವಾರಕ್ಕೆ ಎರಡು ಮೂರು ದಿನ ಆಫೀಸಿಗೆ ಹೋಗುವವರು ಇನ್ನೊಂದನ್ನು ನೋಡಬೇಕು: ಆಫೀಸಿನ ದಿನದ ಹೆಜ್ಜೆ, ಮನೆಯ ದಿನದ ಹೆಜ್ಜೆ ಬೇರೆ ಬೇರೆ ಬರೆದು ಹೋಲಿಸಿ. ಮನೆಯ ದಿನ ಸಾವಿರಕ್ಕಿಂತ ಹೆಚ್ಚು ಹಿಂದೆ ಬಿದ್ದಿದ್ದರೆ ಗೀಟಿನ ಹಾಳೆ ತೆಗೆದು, ಸತತ ನಾಲ್ಕು ಚೌಕ ತುಂಬಿರುವ ಹೊತ್ತು ಯಾವುದೆಂದು ಹುಡುಕಿ. ಸಾಮಾನ್ಯವಾಗಿ ಅದು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಥವಾ ರಾತ್ರಿ ಒಂಬತ್ತರ ನಂತರ ಸಿಗುತ್ತದೆ. ಮುಂದಿನ ಎರಡು ವಾರ ಬೇರೇನನ್ನೂ ಸೇರಿಸದೆ ಆ ಹೊತ್ತಿನ ನಡುವೆ ಐದು ನಿಮಿಷದ ಎರಡು ನಡಿಗೆಗಳನ್ನು ಮಾತ್ರ ತೂರಿಸಿ.